ಲೈಸೆನ್ಸ್ ಬೇಡದ ಬಂದೂಕು ಬೇಟೆಗೆ ಪರವಾನಗಿಯಲ್ಲ

ಹತ್ತು–ಹದಿನೈದು ಸಾವಿರ ರೂಪಾಯಿ ಕೈಯಲ್ಲಿದ್ದರೆ ಇವತ್ತು ನಮ್ಮ ದೇಶದಲ್ಲೇ ತಯಾರಾದ ಏರ್‌ಗನ್ ಕೊಳ್ಳಬಹುದು. ಗುರುತಿನ ಚೀಟಿ ತೋರಿಸಬೇಕು, ಲೈಸೆನ್ಸಿನ ಗೊಡವೆ ಇಲ್ಲ. ಕೊಂಡ ಮೇಲೆ ಏನು ಮಾಡಬೇಕೆಂದು ಹೇಳಿಕೊಡಲು ಮೊಬೈಲಿನಲ್ಲಿ ಲೆಕ್ಕವಿಲ್ಲದಷ್ಟು ವಿಡಿಯೊಗಳಿವೆ. ಅವುಗಳಲ್ಲಿ ಬಹಳಷ್ಟು ಅಮೆರಿಕದವು, ಇಂಗ್ಲೆಂಡಿನವು. ಮೊಲ, ಅಳಿಲು, ಪಾರಿವಾಳಗಳನ್ನು ಕಡಿಮೆ ಖರ್ಚಿನ ಏರ್‌ಗನ್ನಿನಲ್ಲಿ ಹೊಡೆಯುವುದು ಹೇಗೆ ಎಂದು ಅವು ಹಂತ ಹಂತವಾಗಿ ಕಲಿಸುತ್ತವೆ. ಬೆಳಗಾವಿಯಿಂದ ಜಾಂಬೋಟಿಯತ್ತ ಬೈಕ್ ತಿರುಗಿಸಿದರೆ ಒಂದು ಗಂಟೆಯೊಳಗೆ ದಟ್ಟ ಕಾಡು ಎದುರಾಗುತ್ತದೆ. ಬಂದೂಕು ಅಗ್ಗ, ಪಾಠ ಪುಕ್ಕಟೆ, ಕಾಡು ಹತ್ತಿರ. ಇಷ್ಟಾದರೆ ಸಣ್ಣ ಶಿಕಾರಿ ಒಂದು ಮುಗ್ಧ ಹವ್ಯಾಸ ಎಂದು ಹದಿಹರೆಯದವರಿಗೆ ಅನ್ನಿಸುವುದು ಸಹಜ. ಆದರೆ ಈ ಬಂದೂಕಿನಿಂದ ಬೇಟೆ ಶುರುಮಾಡಲು ನಮ್ಮಲ್ಲಿ ಸರಿಯಾದ ದಾರಿ ಯಾವುದೂ ಇಲ್ಲ ಎಂಬ ಮಾತನ್ನು ಮಾರುವವರು, ಮನೆಯವರು, ಶಾಲೆಯವರು ಎಲ್ಲರೂ ಕೊಳ್ಳುವ ಮೊದಲೇ ಹೇಳಬೇಕು. ಗುರಿ ಕಲಿಯಲು ದಾರಿ ಇದೆ. ಅದನ್ನು ತೆರೆದಿಡುವ ಕೆಲಸವನ್ನು ನಾವು ಮಾಡುತ್ತಿಲ್ಲ.

ಗೊಂದಲ ಹುಟ್ಟುವುದು ಎರಡು ಕಾನೂನುಗಳನ್ನು ಒಂದೇ ಎಂದುಕೊಳ್ಳುವುದರಿಂದ. 2016ರ ಶಸ್ತ್ರಾಸ್ತ್ರ ನಿಯಮಗಳು ಕೇಳುವುದು ಬಂದೂಕಿನ ಬಗ್ಗೆ. ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ದಾಟದೆ, ನಳಿಗೆಯ ಬಾಯಿಂದ ಹೊರಡುವ ಗುಂಡಿನ ಶಕ್ತಿ 20 ಜೌಲ್ ಮೀರದೆ ಇದ್ದರೆ ಆ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೇಳುವುದು ಪ್ರಾಣಿಯ ಬಗ್ಗೆ. ಕೋವಿಯಿಂದ ಹೊಡೆದಿರೋ, ಉರುಳು ಹಾಕಿದಿರೋ, ಕವಣೆ ಬೀಸಿದಿರೋ ಅದಕ್ಕೆ ಮುಖ್ಯವಲ್ಲ. ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ಹಿಡಿಯುವುದು, ಹಾಗೆ ಮಾಡಲು ಯತ್ನಿಸುವುದು, ಹಕ್ಕಿಯ ಗೂಡು–ಮೊಟ್ಟೆ ಕೆಡಿಸುವುದು ಕೂಡ ಅದರ ಲೆಕ್ಕದಲ್ಲಿ ಬೇಟೆಯೇ. ಕೊಡಗಿನ ಉದಾಹರಣೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಅಷ್ಟು ದೊಡ್ಡ ವಿನಾಯಿತಿ ಇರುವ ನಾಡಿನಲ್ಲೂ ಬೇಟೆಗೆ ವಿನಾಯಿತಿ ಇಲ್ಲ. ನಿಜವಾದ ಕೋವಿ ಕೊಡದ ಹಕ್ಕನ್ನು ಏರ್‌ಗನ್ ಕೊಡುವುದು ಸಾಧ್ಯವಿಲ್ಲ.

ಮೊಲ, ಕೌಜುಗ, ಲಾವಕ್ಕಿ, ಬೆಳವಗಳಂಥ ಸಣ್ಣ ಜೀವಿಗಳನ್ನು ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಇನ್ನೂ ಇದೆ. ಅದು ತಪ್ಪು. ಹಳೆಯ ಕಾಯ್ದೆಯ ಪಟ್ಟಿಯಲ್ಲೂ ಇವು ಇದ್ದವು, 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೂ ಇವೆ. ಉಪದ್ರವಿ ಪ್ರಾಣಿಗಳೆಂದು ಹಿಂದೆ ಇದ್ದ ಪ್ರತ್ಯೇಕ ಪಟ್ಟಿಯನ್ನೇ ಆ ತಿದ್ದುಪಡಿ ತೆಗೆದುಹಾಕಿತು. ಒಂದು ಮೊಲಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನವಿಲು ಕಾಯ್ದೆಯ ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಯಲ್ಲಿದೆ. ಆ ಪಟ್ಟಿಯ ಪ್ರಾಣಿಯನ್ನು ಹೊಡೆದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ಅಭಯಾರಣ್ಯದೊಳಗೆ ಬೇಟೆಯಾಡಿದರೂ ಇದೇ ಶಿಕ್ಷೆ, ಪ್ರಾಣಿ ಎಷ್ಟೇ ಸಣ್ಣದಾಗಿರಲಿ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿಗೆ ಈ ಕೊನೆಯ ಮಾತು ಬಹಳ ಮುಖ್ಯ. ಏಕೆಂದರೆ 2011ರ ಕೊನೆಯಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಅಭಯಾರಣ್ಯ, ಸುಮಾರು 190 ಚದರ ಕಿಲೊಮೀಟರ್, ಇದೇ ತಾಲ್ಲೂಕಿನಲ್ಲಿದೆ. ಗವಾಳಿ, ಪಾಸ್ತೋಲಿ, ಕೊಂಗಳಾದಂಥ ಊರುಗಳು ಈ ಕಾಡಿನ ನಡುವೆಯೇ ಇವೆ. ಅಭಯಾರಣ್ಯಕ್ಕೆ ಆಯುಧ ಒಯ್ಯುವುದಕ್ಕೇ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಬೇಕು. ಭಾನುವಾರದ ಸುತ್ತಾಟಕ್ಕೆ ಬೆನ್ನಿಗೆ ಬಂದೂಕು ಹಾಕಿಕೊಂಡು ಹೋದ ಪಟ್ಟಣದ ಹುಡುಗನಿಗೆ ಗಡಿ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ತಿಳಿಯದಿರಬಹುದು. ನ್ಯಾಯಾಲಯದಲ್ಲಿ ಆ ಅರಿವಿಲ್ಲದಿರುವುದು ನೆರವಿಗೆ ಬಾರದು.

ಶಿಕ್ಷೆಯ ಭಯ ಒಂದು ಕಡೆ ಇರಲಿ. ಆ ಕಾಡಿನಲ್ಲಿ ಇರುವುದೇನು ಎಂಬುದನ್ನೂ ನೋಡಬೇಕು. ಅಲ್ಲಿನ ತಳೇವಾಡಿ ಬಳಿಯ ಬಾರಾಪೇಡೆ ಗುಹೆಗಳಲ್ಲಿ ಸಿಕ್ಕ ಒಂದು ಬಾವಲಿಯನ್ನು 1913ರಲ್ಲಿ ವಿಜ್ಞಾನ ಲೋಕಕ್ಕೆ ಹೊಸ ಪ್ರಭೇದವೆಂದು ಪರಿಚಯಿಸಲಾಯಿತು. ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರನ್ನು ಹೊತ್ತ ಆ ಜೀವಿ ಬಹುಕಾಲ ಜಗತ್ತಿನಲ್ಲಿ ಆ ಗುಹೆಗಳಲ್ಲಿ ಮಾತ್ರ ಇದೆಯೆಂದೇ ತಿಳಿಯಲಾಗಿತ್ತು. ಅಂಗೈ ಅಗಲದ ಒಂದು ಜೀವಿಯಿಂದ ಬೆಳಗಾವಿ ಜಿಲ್ಲೆಯ ಹೆಸರು ಪ್ರಾಣಿಶಾಸ್ತ್ರದ ಪುಸ್ತಕಗಳನ್ನು ಸೇರಿತು. ಮಹಾರಾಷ್ಟ್ರ ತನ್ನ ರಾಜ್ಯಪ್ರಾಣಿಯೆಂದು ಗೌರವಿಸುವ ಶೇಕರು, ಅಂದರೆ ದೊಡ್ಡ ಕೆಂದಳಿಲು, ನಮ್ಮ ಈ ಕಾಡಿನದೂ ಹೌದು. ಹಣ್ಣು ತಿಂದು ಬೀಜ ಹರಡುವ ಮಂಗಟ್ಟೆಯಂಥ ಹಕ್ಕಿಗಳಿಲ್ಲದೆ ಕಾಡು ತನ್ನನ್ನು ತಾನು ಬೆಳೆಸಿಕೊಳ್ಳಲಾರದು. ಚಿರತೆಗೆ ಕಾಡಿನಲ್ಲಿ ಆಹಾರ ತೆಳುವಾದಷ್ಟೂ ಅದು ಊರ ನಾಯಿ, ಕರುಗಳತ್ತ ಮುಖ ಮಾಡುತ್ತದೆ. 2022ರ ಆಗಸ್ಟಿನಲ್ಲಿ ಬೆಳಗಾವಿ ಗಾಲ್ಫ್ ಮೈದಾನದಲ್ಲಿ ಸೇರಿಕೊಂಡ ಒಂದು ಚಿರತೆಗಾಗಿ ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಡಬೇಕಾಗಿ ಬಂದದ್ದು ನಗರಕ್ಕೆ ಮರೆತಿರಲಾರದು. ಆ ಚಿರತೆ ಯಾಕೆ ಬಂತೆಂಬ ಪ್ರಶ್ನೆಗೆ ಮೊಲದ ಬೇಟೆ ಉತ್ತರ ಎಂದು ನಾನು ಹೇಳುತ್ತಿಲ್ಲ. ಕಾಡಿನ ಸಣ್ಣ ಜೀವಿಗಳನ್ನು ಯಾರಿಗೂ ಲೆಕ್ಕವಿಲ್ಲದ ಆಸ್ತಿಯೆಂದು ತಿಳಿಯಬಾರದು ಎನ್ನುತ್ತಿದ್ದೇನೆ.

ಇನ್ನು ಬಂದೂಕಿನ ಮಾತು. ಕಡಿಮೆ ಬೆಲೆಯ ಏರ್‌ಗನ್ ಸಾಮಾನ್ಯವಾಗಿ ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವ ಬಗೆಯದು. ಕುದುರೆ ಎಳೆದಾಗ ಒಳಗಿನ ಪಿಸ್ಟನ್ ಮುನ್ನುಗ್ಗಿ ಗಾಳಿಯನ್ನು ಒತ್ತುತ್ತದೆ. ಗುಂಡು ನಳಿಗೆ ಬಿಡುವ ಮೊದಲೇ ಇಡೀ ಬಂದೂಕು ಹಿಂದಕ್ಕೂ ಮುಂದಕ್ಕೂ ಅಲುಗಿರುತ್ತದೆ. ಹಿಡಿತ ಕೂದಲೆಳೆಯಷ್ಟು ಬದಲಾದರೂ ಗುಂಡು ಬೇರೆಡೆ ಬೀಳುತ್ತದೆ. ಬಳಸಿದವರೆಲ್ಲ ಬಲ್ಲ ಮಾತಿದು: ಇಂಥ ಬಂದೂಕಿನಲ್ಲಿ ಗುರಿ ಸ್ಥಿರವಾಗಲು ಸಾವಿರಾರು ಗುಂಡುಗಳ ಅಭ್ಯಾಸ ಬೇಕು. ಹೊಸಬನೊಬ್ಬ 10 ಮೀಟರ್ ದೂರದಲ್ಲಿ ಮೂರು ಸೆಂಟಿಮೀಟರ್ ಅಗಲದೊಳಗೆ ಗುಂಡು ಕೂರಿಸಿದರೆ ಅದು ಮೆಚ್ಚಬೇಕಾದ ಸಾಧನೆಯೇ. ಅದೇ ಕೈ, ಅದೇ ಬಂದೂಕು 30 ಮೀಟರ್‌ಗೆ ಹೋದರೆ ಆ ಅಗಲ ಒಂಬತ್ತು ಸೆಂಟಿಮೀಟರ್ ಆಗುತ್ತದೆ. ಬೆಳವಕ್ಕಿಯ ಎದೆಯಲ್ಲಿ ತಕ್ಷಣ ಸಾವು ತರುವ ಜಾಗ ದೊಡ್ಡ ನಾಣ್ಯದಷ್ಟೂ ಇಲ್ಲ. ಮೇಲಾಗಿ ಅರ್ಧ ಗ್ರಾಮ್ ತೂಗುವ ಸೀಸದ ಪೆಲೆಟ್‌ನಲ್ಲಿ ಇರುವುದು ಹೆಚ್ಚೆಂದರೆ 20 ಜೌಲ್ ಶಕ್ತಿ. ಎನ್‌ಸಿಸಿ ಕೆಡೆಟ್‌ಗಳು ಬಳಸುವ .22 ರೈಫಲ್ಲಿನ ಗುಂಡಿಗೆ ಸುಮಾರು 140 ಜೌಲ್ ಇರುತ್ತದೆ. ಲೈಸೆನ್ಸ್ ಬೇಡವೆಂದು ಬಿಟ್ಟಿರುವುದೇ ಈ ಬಂದೂಕು ದುರ್ಬಲ ಎಂಬ ಕಾರಣಕ್ಕೆ. ಆ ದೌರ್ಬಲ್ಯ ಜೀವಿಯ ಪಾಲಿಗೆ ಕರುಣೆಯಲ್ಲ. ಗುಂಡು ರೆಕ್ಕೆ ಮುರಿಯುತ್ತದೆ, ಹೊಟ್ಟೆ ಸೇರುತ್ತದೆ, ಹಕ್ಕಿ ಹಾರಿಹೋಗಿ ಕಣ್ಣಿಗೆ ಬೀಳದ ಕಡೆ ಎರಡು ದಿನ ನರಳಿ ಸಾಯುತ್ತದೆ. ಅದನ್ನು ತಿಂದ ಹದ್ದು, ಗಿಡುಗಗಳ ಹೊಟ್ಟೆಗೂ ಸೀಸ ಸೇರುತ್ತದೆ. ಹೊಡೆದವನಿಗೆ ಗುರಿ ತಪ್ಪಿತು ಎಂದಷ್ಟೇ ಅನ್ನಿಸಿರುತ್ತದೆ. ಏರ್‌ಗನ್ ಶಿಕಾರಿಯನ್ನು ನಾನು ವಿರೋಧಿಸಲು ಮೊದಲ ಕಾರಣ ಇದು, ಕಾನೂನು ನಂತರದ್ದು.

ಹಾಗಾದರೆ ಹೊರದೇಶಗಳಲ್ಲಿ ಇದು ಹೇಗೆ ಒಪ್ಪಿತ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಮೊಲ ಆ ನೆಲದ್ದಲ್ಲ, ಹೊರಗಿನಿಂದ ತಂದು ಬಿಟ್ಟದ್ದು. ಅಲ್ಲಿನ ಬೂದು ಅಳಿಲು ಅಮೆರಿಕದಿಂದ ಬಂದು ಸ್ಥಳೀಯ ಕೆಂಪು ಅಳಿಲನ್ನು ಬದಿಗೊತ್ತಿದ ಜೀವಿ. ಅವುಗಳ ಸಂಖ್ಯೆ ಇಳಿಸುವುದು ಅಲ್ಲಿ ಕೃಷಿಯ, ಕಾಡಿನ ನಿರ್ವಹಣೆಯ ಭಾಗ. ಅಮೆರಿಕದ ರಾಜ್ಯಗಳಲ್ಲಿ ಬೇಟೆಗೆ ಪ್ರತ್ಯೇಕ ಪರವಾನಗಿ, ಇಂತಿಷ್ಟೇ ತಿಂಗಳು, ಇಂತಿಷ್ಟೇ ಪ್ರಾಣಿ ಎಂಬ ಕಟ್ಟುಪಾಡುಗಳಿವೆ. ವಿಡಿಯೊ ಮಾಡುವವರು ಆ ಚೌಕಟ್ಟಿನೊಳಗೆ ನಿಂತು ಮಾತನಾಡುತ್ತಾರೆ, ಆದರೆ ಚೌಕಟ್ಟು ತೆರೆಯ ಮೇಲೆ ಕಾಣುವುದಿಲ್ಲ. ಖಾನಾಪುರದ ಹುಡುಗ ಅವರ ಕೈಚಳಕವನ್ನಷ್ಟೇ ಕಲಿಯುತ್ತಾನೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ರೈತರದು. ಕಬ್ಬಿಗೆ, ಭತ್ತಕ್ಕೆ ನುಗ್ಗುವ ಹಂದಿ, ತೋಟ ಹಾಳುಮಾಡುವ ಮಂಗ, ಬಿತ್ತಿದ ಕಾಳು ಕೆದಕುವ ನವಿಲು ಇವೆಲ್ಲ ಖಾನಾಪುರದ ರೈತನ ನಿತ್ಯದ ಸಂಕಟ. ಆ ಸಂಕಟವನ್ನು ನಗರದಲ್ಲಿ ಕೂತು ಹಗುರವಾಗಿ ಕಾಣುವುದು ಅನ್ಯಾಯ. ಆದರೆ ಏರ್‌ಗನ್ ಅದಕ್ಕೆ ಪರಿಹಾರವೇ ಎಂದು ಕೇಳಿಕೊಳ್ಳಬೇಕು. ಹಂದಿಯ ದಪ್ಪ ಚರ್ಮಕ್ಕೆ ಪೆಲೆಟ್ ಕೆರಳಿಸುವ ಚುಚ್ಚು ಮಾತ್ರ, ಗಾಯಗೊಂಡ ಹಂದಿ ಮನುಷ್ಯನ ಮೇಲೆ ತಿರುಗಿಬೀಳುತ್ತದೆ. ನಮ್ಮ ಊರುಗಳ ಸಾಮಾನ್ಯ ಕೋತಿಯೂ 2022ರ ತಿದ್ದುಪಡಿಯ ನಂತರ ನವಿಲಿನಂತೆ ಮೊದಲ ಪಟ್ಟಿಯಲ್ಲಿದೆ. ಅದಕ್ಕೆ ಹೊಡೆದು ಸಿಕ್ಕಿಬಿದ್ದ ರೈತ ಬೆಳೆಯ ಜೊತೆಗೆ ವರ್ಷಗಳನ್ನೂ ಕಳೆದುಕೊಳ್ಳುತ್ತಾನೆ. 2025ರಲ್ಲಿ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನಲ್ಲಿ, ತೋಟದಲ್ಲಿ ಮಂಗ ಓಡಿಸಲು ಇಟ್ಟಿದ್ದ ಏರ್‌ಗನ್ ಮಕ್ಕಳ ಕೈಗೆ ಸಿಕ್ಕಿ, ಗುಂಡು ತಗುಲಿದ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ರೈತನಿಗೆ ಬೇಕಾದದ್ದು ಸೋಲಾರ್ ಬೇಲಿಗೆ ಸಮಯಕ್ಕೆ ಸರಿಯಾದ ಸಹಾಯಧನ, ನಷ್ಟದ ಅಂದಾಜಿಗೆ ತಡಮಾಡದೆ ಬರುವ ಸಿಬ್ಬಂದಿ, ಬೆಳೆಯ ನಿಜ ಬೆಲೆಗೆ ಹತ್ತಿರವಾದ ಪರಿಹಾರ. ಜೀವಕ್ಕೆ ಅಪಾಯ ತರುವ ಇಲ್ಲವೇ, ಮೊದಲ ಪಟ್ಟಿಯದಲ್ಲದಿದ್ದರೆ, ಬೆಳೆ ಹಾಳುಮಾಡುವ ಪ್ರಾಣಿಯ ವಿಚಾರದಲ್ಲಿ ಆದೇಶ ಹೊರಡಿಸುವ ಅಧಿಕಾರವನ್ನು ಕಾಯ್ದೆಯೇ ಮುಖ್ಯ ವನ್ಯಜೀವಿ ಪಾಲಕರಿಗೆ ಕೊಟ್ಟಿದೆ. ಆ ಅಧಿಕಾರ ನಿಧಾನವಾಗಿ ನಡೆಯುತ್ತಿದ್ದರೆ ಹೋರಾಟ ಅದನ್ನು ಚುರುಕುಗೊಳಿಸಲು ಆಗಬೇಕು.

ಗೋವಾ ಹೆದ್ದಾರಿ ಅಗಲಗೊಳಿಸಲು ಸಾವಿರಾರು ಮರ ಉರುಳಿಸುವ ಸರ್ಕಾರ ಒಂದು ಮೊಲಕ್ಕಾಗಿ ಬಡವರ ಹುಡುಗನನ್ನು ಜೈಲಿಗೆ ಕಳಿಸುತ್ತದೆಯೇ ಎಂಬ ಸಿಟ್ಟೂ ಖಾನಾಪುರದ ಕಡೆ ಕೇಳಿಬರುವಂಥದ್ದೇ. ಆ ಸಿಟ್ಟು ನ್ಯಾಯವಾದದ್ದು. ಆದರೆ ಕಾಡಿಗೆ ಒಂದು ಕಡೆ ಪೆಟ್ಟು ಬಿದ್ದಿದೆಯೆಂದು ಇನ್ನೊಂದು ಕಡೆಯಿಂದಲೂ ಹೊಡೆಯಬಹುದು ಎಂಬ ತೀರ್ಮಾನ ಅದರಿಂದ ಹೊರಡದು. ಹಬ್ಬದ ಶಿಕಾರಿ ಹಿರಿಯರಿಂದ ಬಂದ ಪದ್ಧತಿ ಎನ್ನುವವರಿಗೂ ಉತ್ತರ ಬಲ್ಲ ರಾಜ್ಯವೊಂದಿದೆ. ಬೇಟೆಯೇ ಬದುಕಿನ ಭಾಗವಾಗಿರುವ ಬುಡಕಟ್ಟುಗಳ ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚ್‌ನಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್ಡುಂಗ್ ಎಂಬ ಹಳ್ಳಿಯಿಂದ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಆಗ ಅರಣ್ಯ ಸಚಿವರಾಗಿದ್ದ ಮಾಮಾ ನಾಟುಂಗ್ ಅದನ್ನು ಮುನ್ನಡೆಸಿದರು. ಎರಡು ವರ್ಷದೊಳಗೆ ಸಾವಿರಕ್ಕೂ ಹೆಚ್ಚು ಏರ್‌ಗನ್‌ಗಳನ್ನು ಜನರೇ ತಂದೊಪ್ಪಿಸಿದರು. ಹಕ್ಕಿಗಳ ಸದ್ದು ಕಡಿಮೆಯಾದದ್ದಕ್ಕೆ ಕಾರಣ ತಮ್ಮ ಮನೆಯ ಗೋಡೆಗೆ ನೇತಾಡುವ ಬಂದೂಕೇ ಎಂದು ಒಪ್ಪಿಕೊಂಡ ಸಮುದಾಯ ಅದು. ನಮ್ಮ ಪದ್ಧತಿ ಅವರದಕ್ಕಿಂತ ಹಳೆಯದೂ ಅಲ್ಲ, ಗಟ್ಟಿಯೂ ಅಲ್ಲ.

ಹಾಗೆಂದು ಏರ್‌ಗನ್ನನ್ನೇ ನಿಷೇಧಿಸಿ ಎನ್ನುವುದು ನನ್ನ ವಾದವಲ್ಲ. ಅಭಿನವ್ ಬಿಂದ್ರಾ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಇದೇ 4.5 ಮಿಲಿಮೀಟರ್ ಗುಂಡಿನ ಏರ್ ರೈಫಲ್ಲಿನಲ್ಲಿ, 10 ಮೀಟರ್ ದೂರದಿಂದ. ಆ ಕಾಗದದ ಗುರಿಯ ನಡುವಿನ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್. ಅದರ ಮುಂದೆ ಮೊಲ ಹೊಡೆಯುವುದು ಯಾವ ಸವಾಲೂ ಅಲ್ಲ. ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯನ್ನು ನೋಡಿ. 2010ರಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಅಲ್ಲಿಯವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಅದೇ ಜಿಲ್ಲೆಯ ರಾಧಾನಗರಿ ತಾಲ್ಲೂಕಿನ ಹಳ್ಳಿಯವರು. ಕಾಡುಕೋಣದ ಅಭಯಾರಣ್ಯಕ್ಕೆ ಹೆಸರಾದ ರಾಧಾನಗರಿ ಖಾನಾಪುರದಂತೆಯೇ ಮಳೆ, ಬೆಟ್ಟ, ಕಾಡಿನ ಸೀಮೆ. ಅಲ್ಲಿ ಸಾಧ್ಯವಾದದ್ದು ಮರಾಠಾ ಲಘು ಪದಾತಿದಳದ ಕೇಂದ್ರವಿರುವ, ಮನೆಮನೆಗೊಬ್ಬ ಸೈನಿಕನೆಂದು ಹೆಮ್ಮೆಪಡುವ ಊರುಗಳಿರುವ ನಮ್ಮ ಜಿಲ್ಲೆಯಲ್ಲಿ ಸಾಧ್ಯವಾಗದೆ ಇರಲು ಕಾರಣ ಕಾಣುವುದಿಲ್ಲ. 10 ಮೀಟರ್ ಶೂಟಿಂಗ್‌ಗೆ ಬೇಕಾದದ್ದು ಒಂದು ಉದ್ದನೆಯ ಕೋಣೆ, ಗುಂಡು ತಡೆಯುವ ಭದ್ರವಾದ ಹಿಂಗೋಡೆ, ಒಬ್ಬ ತರಬೇತುದಾರ. ಕುಸ್ತಿಯ ಗರಡಿಗೆ ಜಾಗ ಹುಡುಕಿದ ಊರುಗಳಿಗೆ ಇದು ದೊಡ್ಡದಲ್ಲ.

ಬಂದೂಕು ಈಗಾಗಲೇ ಮನೆಗೆ ಬಂದಿದ್ದರೆ ಅದರ ಮುಂದೆ ಕಾಗದದ ಗುರಿ ಇರಲಿ, ಅದರ ಹಿಂದೆ ಮರಳು ತುಂಬಿದ ದಪ್ಪ ಪೆಟ್ಟಿಗೆ ಇರಲಿ. ಕಲ್ಲು, ಕಬ್ಬಿಣಕ್ಕೆ ಹೊಡೆದ ಗುಂಡು ಹಿಂದಿರುಗಿ ಕಣ್ಣಿಗೇ ಬರಬಹುದು, ಆದ್ದರಿಂದ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಕೆಲಸ ಮುಗಿದ ಮೇಲೆ ಬಂದೂಕು ಖಾಲಿಯಾಗಿ ಬೀಗದೊಳಗೆ ಸೇರಬೇಕು, ಪೆಲೆಟ್ ಡಬ್ಬಿ ಬೇರೆ ಕಡೆ. ಮಾರುವ ಪ್ರತಿ ಅಂಗಡಿಯೂ ರಸೀದಿಯ ಜೊತೆಗೆ, ಇದರಿಂದ ಯಾವ ಕಾಡುಪ್ರಾಣಿ, ಹಕ್ಕಿಯನ್ನೂ ಹೊಡೆಯುವುದು ಅಪರಾಧ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚಾದ ಒಂದು ಚೀಟಿಗೆ ಸಹಿ ಪಡೆಯುವಂತೆ ಜಿಲ್ಲಾಡಳಿತ ಮಾಡಬೇಕು. ಅರಣ್ಯ ಇಲಾಖೆ ಖಾನಾಪುರದ ಹೈಸ್ಕೂಲುಗಳಿಗೆ ಹೋಗಿ ಶಿಕ್ಷೆಯ ಪ್ರಮಾಣವನ್ನು ಹುಡುಗರಿಗೆ ನೇರವಾಗಿ ಹೇಳಬೇಕು. ಕ್ರೀಡಾ ಇಲಾಖೆ ಬೆಳಗಾವಿಯಲ್ಲೂ ಖಾನಾಪುರದಲ್ಲೂ ಎಲ್ಲರಿಗೂ ತೆರೆದಿರುವ ಒಂದೊಂದು 10 ಮೀಟರ್ ಶೂಟಿಂಗ್ ಕೋಣೆಗೆ ಬರುವ ಬಜೆಟ್ಟಿನಲ್ಲೇ ಹಣ ಇಡಬೇಕು. ಈ ಭಾಗದ ಶಾಸಕರು ಅದನ್ನು ಕೇಳಿ ಪಡೆಯಲಿ.