ಪೆಲೆಟ್ ಒಲೆ: ಅಗ್ಗದ ಆಮದು ಒಲೆಯೋ, ದುಬಾರಿ ದೇಶೀ ಒಲೆಯೋ?

ಅಡುಗೆ ಅನಿಲದ ಸಿಲಿಂಡರಿನ ಬೆಲೆಯು 2025ರ ಏಪ್ರಿಲ್ ತಿಂಗಳಿನಲ್ಲಿ ಒಮ್ಮೆಗೇ 50 ರೂಪಾಯಿ ಏರಿತು. ಉಜ್ವಲಾ ಫಲಾನುಭವಿಗಳಿಗೂ ಈ ಏರಿಕೆ ಅನ್ವಯಿಸಿತು. ಅಂದಿನಿಂದ ನಮ್ಮ ವಿಸ್ತರಣಾ ಭೇಟಿಗಳಲ್ಲಿ ಕೃಷಿ ಉಳಿಕೆಯ ಪೆಲೆಟ್ ಉರಿಸುವ ಒಲೆಗಳ ಕುರಿತು ಪ್ರಶ್ನೆಗಳು ಮತ್ತೆ ಕೇಳಿಬರುತ್ತಿವೆ. ಹೊಟ್ಟು, ಸಿಪ್ಪೆ, ಕಟ್ಟಿಗೆಗಳನ್ನು ಪುಡಿಮಾಡಿ, ಯಂತ್ರದಲ್ಲಿ ಒತ್ತಿ ತಯಾರಿಸಿದ ಬೆರಳ ಗಾತ್ರದ ಉರುವಲು ಗುಳಿಗೆಗಳೇ ಪೆಲೆಟ್‌ಗಳು. ಇವನ್ನು ಸಣ್ಣ ಫ್ಯಾನಿನ ಗಾಳಿಯ ನೆರವಿನಿಂದ ಉರಿಸುವ ಒಲೆಗಳಲ್ಲಿ ಎರಡು ಬಗೆ ಮಾರುಕಟ್ಟೆಯಲ್ಲಿವೆ: ಆನ್‌ಲೈನ್ ಮೂಲಕ ಕಡಿಮೆ ಬೆಲೆಗೆ ದೊರೆಯುವ ಆಮದು ಒಲೆ ಮತ್ತು ಅದರ ಎರಡು ಪಟ್ಟಿನಷ್ಟೋ ಅದಕ್ಕಿಂತ ಹೆಚ್ಚೋ ಬೆಲೆಯ ದೇಶೀ ಒಲೆ. ‘ಎರಡೂ ಉರಿಯುವುದು ಪೆಲೆಟ್‌ನಿಂದಲೇ ಅಲ್ಲವೇ, ಹೆಚ್ಚು ಹಣ ಏಕೆ ಕೊಡಬೇಕು?’ ಎಂಬುದು ರೈತರ ಸಹಜ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವು ಒಲೆಯ ಬೆಲೆಪಟ್ಟಿಯಲ್ಲಿ ದೊರೆಯುವುದಿಲ್ಲ. ಪೆಲೆಟ್ ಒಲೆಯನ್ನು ಕೊಳ್ಳುವುದೆಂದರೆ ಮುಂದಿನ ಐದು ವರ್ಷಗಳ ಉರುವಲನ್ನು ಹೊರಗಿನಿಂದ ಕೊಳ್ಳಲು ಒಪ್ಪಿಕೊಂಡಂತೆ. ಆದ್ದರಿಂದ ಮೊದಲು ಪೆಲೆಟ್‌ನ ಬೆಲೆ ಮತ್ತು ಲಭ್ಯತೆಯನ್ನೂ, ಅನಂತರ ಒಲೆಯ ದಕ್ಷತೆಯನ್ನೂ, ಕೊನೆಯಲ್ಲಿ ಮಾತ್ರ ಒಲೆಯ ಬೆಲೆಯನ್ನೂ ಪರಿಶೀಲಿಸುವುದು ಸರಿಯಾದ ಕ್ರಮ.

ನಮ್ಮ ನಾಡೇ ಕಲಿತ ಪಾಠ

ಸುಧಾರಿತ ಒಲೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯನ್ನು ಹಿರಿಯ ರೈತ ಮಹಿಳೆಯರು ಇಂದಿಗೂ ನೆನೆಯುತ್ತಾರೆ. ಅದೇ ಸಂಸ್ಥೆಯ ದಹನ ವಿಜ್ಞಾನಿಗಳ ಸಹಯೋಗದಿಂದ ರೂಪುಗೊಂಡ ‘ಊರ್ಜಾ’ ಎಂಬ ಪೆಲೆಟ್ ಒಲೆಯು 2006ರಿಂದ ಮಾರಾಟಕ್ಕೆ ಬಂದಿತು. ದೇಶದಲ್ಲಿ 4 ಲಕ್ಷಕ್ಕೂ ಹೆಚ್ಚು ಊರ್ಜಾ ಒಲೆಗಳು ಮಾರಾಟವಾದವು. ತಾಂತ್ರಿಕವಾಗಿ ಅದು ಉತ್ತಮ ಒಲೆ. ಹೊಗೆ ಕಡಿಮೆ, ಉರಿ ಚುರುಕು.

ಆದರೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ 998 ಕುಟುಂಬಗಳನ್ನು ಸಮೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯೇ ಚಿತ್ರವನ್ನು ನೀಡಿತು. ಸಮೀಕ್ಷೆಯ ಹೊತ್ತಿಗೆ, ಒಲೆ ಕೊಂಡ ಕುಟುಂಬಗಳ ಪೈಕಿ ಶೇ. 9ರಷ್ಟು ಮಾತ್ರ ಅದನ್ನು ಬಳಸುತ್ತಿದ್ದವು. ಇದಕ್ಕೆ ಮುಖ್ಯ ಕಾರಣ ಒಲೆಯ ದೋಷವಲ್ಲ. ‘ತ್ಯಾಜ್ಯ’ವೆಂದು ಭಾವಿಸಲಾಗಿದ್ದ ಕೃಷಿ ಉಳಿಕೆಯನ್ನು ಕಡಿಮೆ ಬೆಲೆಗೆ ಸಂಗ್ರಹಿಸಿ, ಗೃಹಬಳಕೆದಾರರಿಗೆ ಎಟಕುವ ದರದಲ್ಲಿ ಪೆಲೆಟ್ ಒದಗಿಸಲು ಕಂಪನಿಗೆ ಸಾಧ್ಯವಾಗಲಿಲ್ಲ. ಕ್ರಮೇಣ ಕಂಪನಿಯು ಮನೆಗಳನ್ನು ಬಿಟ್ಟು ಹೋಟೆಲು, ದೊಡ್ಡ ಅಡುಗೆಮನೆಗಳತ್ತ ಹೊರಳಿತು. ಪೆಲೆಟ್ ಸಿಗದ ಮನೆಗಳಲ್ಲಿ ಒಲೆ ಅಟ್ಟ ಸೇರಿತು.

ಉತ್ತಮ ದೇಶೀ ಒಲೆಯ ಗತಿಯೇ ಹೀಗಾದರೆ, ಉರುವಲಿನ ವ್ಯವಸ್ಥೆಯಿಲ್ಲದೆ ಕೊಂಡ ಅಗ್ಗದ ಒಲೆಯ ಗತಿಯನ್ನು ಊಹಿಸುವುದು ಕಷ್ಟವಲ್ಲ.

ಪೆಲೆಟ್‌ಗೆ ಈಗ ಯಾರೆಲ್ಲ ಸ್ಪರ್ಧಿಗಳು?

ಊರ್ಜಾ ಕಾಲಕ್ಕಿಂತ ಇಂದಿನ ಸ್ಪರ್ಧೆ ತೀವ್ರವಾಗಿದೆ. ಕಲ್ಲಿದ್ದಲು ಆಧಾರಿತ ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನೊಂದಿಗೆ ಜೈವಿಕ ಪೆಲೆಟ್‌ಗಳನ್ನು ಉರಿಸಬೇಕೆಂಬ ನೀತಿಯನ್ನು ಕೇಂದ್ರ ವಿದ್ಯುತ್ ಸಚಿವಾಲಯವು 2021ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. 2023ರ ಪರಿಷ್ಕರಣೆಯು 2024–25ರಿಂದ ಶೇ. 5ರ ಪ್ರಮಾಣವನ್ನು ನಿಗದಿಪಡಿಸಿತು. ನಮ್ಮ ರಾಜ್ಯದಲ್ಲಿ ರಾಯಚೂರು, ಯರಮರಸ್, ಬಳ್ಳಾರಿ, ಕೂಡಗಿಗಳಲ್ಲಿ ಇಂತಹ ಬೃಹತ್ ಸ್ಥಾವರಗಳಿವೆ. ಇದರೊಂದಿಗೆ ಇಟ್ಟಿಗೆ ಗೂಡುಗಳು, ಕಾರ್ಖಾನೆಗಳ ಬಾಯ್ಲರುಗಳು ಕೂಡ ಪೆಲೆಟ್ ಮತ್ತು ಬ್ರಿಕೆಟ್‌ಗಳನ್ನು ಕೊಳ್ಳುತ್ತವೆ. ಲಾರಿಗಟ್ಟಲೆ ಕೊಳ್ಳುವವರಿದ್ದಾಗ, ತಿಂಗಳಿಗೆ 60 ಕಿ.ಗ್ರಾಂ. ಬೇಕೆನ್ನುವ ಮನೆಗೆ ತಯಾರಕನು ಮೊದಲ ಆದ್ಯತೆ ನೀಡುವನೆಂದು ನಿರೀಕ್ಷಿಸಲಾಗದು.

ಕೃಷಿ ಉಳಿಕೆ ಮಾರುವ ರೈತನಿಗೆ ಇದು ಶುಭವಾರ್ತೆ; ಪೆಲೆಟ್ ಕೊಳ್ಳುವ ರೈತನಿಗೆ ಎಚ್ಚರಿಕೆ. ಒಬ್ಬನೇ ರೈತ ಎರಡೂ ಆಗಿರಬಹುದೆಂಬುದನ್ನು ಮರೆಯಬಾರದು.

ಲೆಕ್ಕ ಹಾಕುವ ಬಗೆ

ಈ ಕೆಳಗಿನ ಲೆಕ್ಕದಲ್ಲಿನ ಒಲೆ ಮತ್ತು ಪೆಲೆಟ್ ದರಗಳು ಉದಾಹರಣೆ ಮಾತ್ರ. ತಮ್ಮ ಊರಿನ ದರಗಳನ್ನು ಹಾಕಿಕೊಂಡು ಪ್ರತಿಯೊಬ್ಬರೂ ಮರುಲೆಕ್ಕ ಮಾಡಬೇಕು.

ಗೃಹಬಳಕೆಯ 14.2 ಕಿ.ಗ್ರಾಂ. ಸಿಲಿಂಡರಿನಿಂದ ಪಾತ್ರೆಗೆ ತಲುಪುವಷ್ಟೇ ಶಾಖವನ್ನು ಶೇ. 35 ದಕ್ಷತೆಯ ಪೆಲೆಟ್ ಒಲೆಯಿಂದ ಪಡೆಯಲು ಸುಮಾರು 70 ಕಿ.ಗ್ರಾಂ. ಪೆಲೆಟ್ ಬೇಕು. ಇಲ್ಲಿ ಅನಿಲ ಒಲೆಯ ದಕ್ಷತೆಯನ್ನು ಶೇ. 60 ಎಂದೂ, ಪೆಲೆಟ್‌ನ ಶಾಖಮೌಲ್ಯವನ್ನು ಕಿ.ಗ್ರಾಂ.ಗೆ ಸುಮಾರು 3,800 ಕಿಲೋಕ್ಯಾಲರಿ ಎಂದೂ ಭಾವಿಸಲಾಗಿದೆ. ಹೀಗಾಗಿ ಒಂದು ಸುಲಭ ಸೂತ್ರ: ಸಿಲಿಂಡರಿನ ಬೆಲೆಯನ್ನು 70ರಿಂದ ಭಾಗಿಸಿ, ಪೆಲೆಟ್‌ನ ದರ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ಉಳಿತಾಯ.

ಸಿಲಿಂಡರ್ 860 ರೂಪಾಯಿಯಾದರೆ ಈ ಮಿತಿ ಕಿ.ಗ್ರಾಂ.ಗೆ 12 ರೂಪಾಯಿ 30 ಪೈಸೆ. ಉಜ್ವಲಾ ಕುಟುಂಬಕ್ಕೆ 300 ರೂಪಾಯಿ ಸಹಾಯಧನ ಕಳೆದು 560 ರೂಪಾಯಿಯಾದರೆ ಮಿತಿ ಕೇವಲ 8 ರೂಪಾಯಿ. ಪೆಲೆಟ್ ದರ 10 ರೂಪಾಯಿ ಇರುವಲ್ಲಿ, ಸಹಾಯಧನದ ಸಿಲಿಂಡರ್‌ಗಳು ದೊರೆಯುವವರೆಗೆ ಉಜ್ವಲಾ ಕುಟುಂಬಕ್ಕೆ ಯಾವ ಪೆಲೆಟ್ ಒಲೆಯೂ ಲಾಭದಾಯಕವಲ್ಲ.

ಇನ್ನು ಎರಡು ಒಲೆಗಳ ಹೋಲಿಕೆ. 35 ದಿನಗಳಿಗೊಂದು ಸಿಲಿಂಡರ್ ಬಳಸುವ ಕುಟುಂಬವೊಂದನ್ನು ತೆಗೆದುಕೊಳ್ಳೋಣ. ದೇಶೀ ಒಲೆಯ ಬೆಲೆ 7,000 ರೂಪಾಯಿ, ದಕ್ಷತೆ ಶೇ. 35, ಪರೀಕ್ಷಾ ಪ್ರಮಾಣಪತ್ರವಿಲ್ಲದ ಆಮದು ಒಲೆಯ ಬೆಲೆ 3,000 ರೂಪಾಯಿ, ದಕ್ಷತೆ ಶೇ. 28 ಎಂದಿರಲಿ. ಮೊದಲನೆಯದಕ್ಕೆ ದಿನಕ್ಕೆ 2 ಕಿ.ಗ್ರಾಂ., ಎರಡನೆಯದಕ್ಕೆ ಎರಡೂವರೆ ಕಿ.ಗ್ರಾಂ. ಪೆಲೆಟ್ ಬೇಕು. ದರ 10 ರೂಪಾಯಿಯಾದರೆ ಆಮದು ಒಲೆಗೆ ವರ್ಷಕ್ಕೆ ಸುಮಾರು 1,825 ರೂಪಾಯಿ ಹೆಚ್ಚು ಉರುವಲು ವೆಚ್ಚ. ಬೆಲೆಯಲ್ಲಿ ಉಳಿಸಿದ 4,000 ರೂಪಾಯಿ ಎರಡೂಕಾಲು ವರ್ಷ ತುಂಬುವ ಮೊದಲೇ ಕರಗಿಹೋಗುತ್ತದೆ.

ಇನ್ನೂ ಮುಖ್ಯವಾದ ಅಂಶವಿದೆ. ಸಹಾಯಧನವಿಲ್ಲದ ಸಿಲಿಂಡರಿಗೆ ಹೋಲಿಸಿದರೆ ದೇಶೀ ಒಲೆಯಿಂದ ವರ್ಷಕ್ಕೆ ಸುಮಾರು 1,670 ರೂಪಾಯಿ ಉಳಿಯುತ್ತದೆ. ಆಮದು ಒಲೆಯಲ್ಲಿ ಒಂದು ಸಿಲಿಂಡರಿನ ಕೆಲಸಕ್ಕೆ 87.5 ಕಿ.ಗ್ರಾಂ., ಅಂದರೆ 875 ರೂಪಾಯಿಯ ಪೆಲೆಟ್ ಬೇಕು. ಸಿಲಿಂಡರಿಗೆ 860 ರೂಪಾಯಿ. ಉಳಿಸಲೆಂದು ಕೊಂಡ ಒಲೆಯಿಂದ ಉಳಿತಾಯವೇ ಇಲ್ಲ.

ದೇಶೀ ಒಲೆಯ ಲೆಕ್ಕವೂ ಅಷ್ಟೇನೂ ಸಡಿಲವಾಗಿಲ್ಲ. 7,000 ರೂಪಾಯಿ ಮರಳಿ ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬೇಕು. ಪೆಲೆಟ್ ದರ ಒಂದು ರೂಪಾಯಿ ಏರಿದರೆ ವರ್ಷಕ್ಕೆ 730, ಐದು ವರ್ಷಕ್ಕೆ 3,650 ರೂಪಾಯಿ ಹೆಚ್ಚುವರಿ ಹೊರೆ. ಎರಡು ಒಲೆಗಳ ಬೆಲೆಯ ಅಂತರವೂ ಹೆಚ್ಚುಕಡಿಮೆ ಇಷ್ಟೇ ಎಂಬುದನ್ನು ಗಮನಿಸಬೇಕು. ಒಲೆಯ ಬೆಲೆಗಾಗಿ ಚೌಕಾಸಿ ಮಾಡುವ ನಾವು ಪೆಲೆಟ್‌ನ ದರದ ಬಗ್ಗೆ ವಿಚಾರಿಸದಿರುವುದು ಹಸುವಿನ ಬೆಲೆ ಕೇಳಿ ಮೇವಿನ ಬೆಲೆ ಕೇಳದಂತೆ.

ಒಲೆಯಲ್ಲಿ ಪರಿಶೀಲಿಸಬೇಕಾದ ಅಂಶಗಳು

1. ಪ್ರಮಾಣಪತ್ರ: ಭಾರತೀಯ ಮಾನಕ ಬ್ಯೂರೋದ ಐಎಸ್ 13152 (ಭಾಗ 1): 2013 ಮಾನಕದಂತೆ ಫ್ಯಾನ್ ಇರುವ ಒಲೆಯ ಉಷ್ಣ ದಕ್ಷತೆ ಕನಿಷ್ಠ ಶೇ. 35 ಇರಬೇಕು, ಹೊಗೆಯ ಕಣಗಳು ಪ್ರತಿ ಮೆಗಾಜೂಲ್ ಶಾಖಕ್ಕೆ 150 ಮಿ.ಗ್ರಾಂ. ಮೀರಬಾರದು. ಪರೀಕ್ಷಾ ವರದಿಯನ್ನು ಕೇಳಿ ಓದಬೇಕು. ಆಮದು ಒಲೆಗೆ ಈ ವರದಿಯಿದ್ದರೆ, ಬಿಡಿಭಾಗಗಳೂ ದೊರೆಯುವಂತಿದ್ದರೆ, ಅದನ್ನು ಕೊಳ್ಳಲು ಅಡ್ಡಿಯಿಲ್ಲ. ವರದಿಯಿಲ್ಲದ ಒಲೆ ದೇಶೀಯವಾದ ಮಾತ್ರಕ್ಕೆ ಶ್ರೇಷ್ಠವಾಗುವುದಿಲ್ಲ.

2. ಫ್ಯಾನ್ ಮತ್ತು ಬ್ಯಾಟರಿ: ಇವೇ ಒಲೆಯ ಜೀವಾಳ. ಫ್ಯಾನ್ ನಿಂತರೆ ಒಲೆ ಹೊಗೆಯಾಡುತ್ತದೆ. ವಿದ್ಯುತ್ ಕಡಿತದ ವೇಳೆ ಎಷ್ಟು ಗಂಟೆ ನಡೆಯುತ್ತದೆ? ಬದಲಿ ಫ್ಯಾನ್, ಬ್ಯಾಟರಿ, ಚಾರ್ಜರ್ ತಾಲ್ಲೂಕು ಕೇಂದ್ರದಲ್ಲಿ ದೊರೆಯುತ್ತವೆಯೇ? ದುಬಾರಿ ಒಲೆಗೆ ಕೊಡುವ ಹೆಚ್ಚಿನ ಹಣದ ದೊಡ್ಡ ಪಾಲು ಈ ಸೇವೆಗಾಗಿ. ಸೇವೆಯೇ ಇಲ್ಲದಿದ್ದರೆ ಆ ಹಣ ವ್ಯರ್ಥ.

3. ಉರಿಯುವ ಕೋಣೆ: ತೆಳು ತಗಡಿನ ಕೋಣೆ ನಿರಂತರ ಶಾಖಕ್ಕೆ ಬೇಗ ಸವೆಯುತ್ತದೆ. ಶಾಖ ತಡೆಯುವ ಸಿರಾಮಿಕ್ ಒಳಪದರ ಅಥವಾ ದಪ್ಪ ಸ್ಟೀಲ್ ಇರುವುದು ಲೇಸು.

4. ನಮ್ಮ ಅಡುಗೆಗೆ ಹೊಂದಿಕೆ: ಮುದ್ದೆ ತಿರುವುವಾಗ ಪಾತ್ರೆ ಅಲುಗಾಡಬಾರದು, ರೊಟ್ಟಿ ಸುಡಲು ಉರಿ ಹಂಚಿನ ತುಂಬ ಹರಡಬೇಕು. ಒಮ್ಮೆ ತುಂಬಿದ ಪೆಲೆಟ್ ಮುಗಿಯುವವರೆಗೆ ಮತ್ತೆ ಹಾಕಲಾಗದ ಒಲೆಗಳೂ ಇವೆ. ಅಡುಗೆ ಮಾಡುವವರೇ ಒಂದು ಹೊತ್ತಿನ ಅಡುಗೆ ಮಾಡಿ ನೋಡದೆ ಹಣ ಕೊಡಬಾರದು.

5. ಸುರಕ್ಷತೆ: ಈ ಒಲೆಗಳಿಗೆ ಸಾಮಾನ್ಯವಾಗಿ ಹೊಗೆಕೊಳವೆ ಇರುವುದಿಲ್ಲ. ಹೊಗೆ ಕಾಣದಿದ್ದರೂ ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊಮ್ಮಬಹುದು. ಗಾಳಿಯಾಡುವ ಸ್ಥಳದಲ್ಲಿಯೇ ಬಳಸಬೇಕು; ಚಳಿಗಾಲದಲ್ಲಿ ಮುಚ್ಚಿದ ಕೋಣೆಯನ್ನು ಬೆಚ್ಚಗಿಡಲು ಎಂದಿಗೂ ಬಳಸಬಾರದು.

ಪೆಲೆಟ್‌ನ ಗುಣಮಟ್ಟ

ಒಳ್ಳೆಯ ಒಲೆಯೂ ಕೆಟ್ಟ ಪೆಲೆಟ್‌ನಿಂದ ಹಾಳಾಗುತ್ತದೆ. ಪೆಲೆಟ್‌ನಲ್ಲಿ ತೇವಾಂಶ ಶೇ. 10ರ ಆಸುಪಾಸು ಮೀರಬಾರದು. ಬೆರಳಿನಿಂದ ಮುರಿದರೆ ಚಟ್ಟನೆ ಮುರಿಯಬೇಕು, ಪುಡಿಯಾಗಬಾರದು. ಭತ್ತದ ಹೊಟ್ಟಿನಲ್ಲಿ ಬೂದಿಯ ಅಂಶ ಶೇ. 15ರಿಂದ 20ರಷ್ಟಿರುವುದರಿಂದ ಅದರ ಪೆಲೆಟ್ ಸಣ್ಣ ಒಲೆಗೆ ಸೂಕ್ತವಲ್ಲ. ಹುಲ್ಲಿನ ಬೂದಿಯಲ್ಲಿ ಪೊಟ್ಯಾಷ್ ಹೆಚ್ಚಿರುವುದರಿಂದ ಅದು ಕರಗಿ ಗಟ್ಟಿಯಾಗಿ ಜಾಲರಿಯ ರಂಧ್ರಗಳನ್ನು ಮುಚ್ಚುತ್ತದೆ. ಹತ್ತಿ ಮತ್ತು ತೊಗರಿಯ ಕಟ್ಟಿಗೆ, ಮೆಕ್ಕೆಜೋಳದ ದಿಂಡು, ಶೇಂಗಾ ಸಿಪ್ಪೆ ಇವುಗಳಿಂದ ತಯಾರಾದ ಪೆಲೆಟ್‌ಗಳು ಮೇಲು. ಮಳೆಗಾಲದಲ್ಲಿ ಪೆಲೆಟ್ ತೇವ ಹೀರಿ ಉಬ್ಬುತ್ತದೆಯಾದ್ದರಿಂದ ಗಾಳಿಯಾಡದ ಡ್ರಮ್ಮಿನಲ್ಲಿ ಸಂಗ್ರಹಿಸಬೇಕು.

ಹೊಲದ ಪಾಲು ಹೊಲಕ್ಕೆ

ಬೇಸಾಯ ವಿಜ್ಞಾನಿಯಾಗಿ ಒಂದು ಮಾತನ್ನು ಹೇಳಲೇಬೇಕು. ಹೊಲದಲ್ಲಿ ಉಳಿಯುವುದೆಲ್ಲ ತ್ಯಾಜ್ಯವಲ್ಲ. ಬೆಲೆ ಬಂದಿತೆಂದು ಎಲ್ಲ ಉಳಿಕೆಯನ್ನೂ ಮಾರಿದರೆ ಮಣ್ಣಿನ ಸಾವಯವ ಇಂಗಾಲ ಕುಗ್ಗುತ್ತದೆ. ಅದನ್ನು ಮರಳಿ ಕೊಳ್ಳಲು ಯಾವ ಮಾರುಕಟ್ಟೆಯೂ ಇಲ್ಲ. ಕಬ್ಬಿನ ರವದಿ ಹೊಲದಲ್ಲಿಯೇ ಮುಚ್ಚಿಗೆಯಾಗಲಿ. ದ್ವಿದಳ ಧಾನ್ಯಗಳ ಹೊಟ್ಟು, ಜೋಳದ ಕಣಿಕೆ ಮೊದಲು ದನಗಳಿಗೆ ಸಲ್ಲಲಿ. ಹತ್ತಿ ಕಟ್ಟಿಗೆಯ ವಿಷಯ ಬೇರೆ. ಗುಲಾಬಿ ಕಾಯಿಕೊರಕದ ನಿಯಂತ್ರಣಕ್ಕಾಗಿ ಕೊಯ್ಲು ಮುಗಿದೊಡನೆ ಅದನ್ನು ಹೊಲದಿಂದ ತೆಗೆಯಲೇಬೇಕು. ಬದುವಿನಲ್ಲಿ ಒಟ್ಟಿಡುವುದಕ್ಕಿಂತ ಪೆಲೆಟ್ ಘಟಕಕ್ಕೆ ಕಳಿಸುವುದು ಉಚಿತ.

ಒಲೆಯ ಬೂದಿಯನ್ನು ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಮಿತವಾಗಿ ಹಾಕಬಹುದು. ಕ್ಷಾರಗುಣದ ಕಪ್ಪು ಮಣ್ಣಿಗೆ ಬೇಡ.

ಯಾರು, ಯಾವುದನ್ನು ಆಯ್ದುಕೊಳ್ಳಬೇಕು?

ಸ್ವಂತ ಹೊಲದ ಕಟ್ಟಿಗೆಯನ್ನೇ ಉರಿಸುವ ಕುಟುಂಬವು ಪೆಲೆಟ್ ಒಲೆಗೆ ಹೋಗಬೇಕಿಲ್ಲ; ಹೊಗೆಕೊಳವೆಯಿರುವ ಸುಧಾರಿತ ಕಟ್ಟಿಗೆ ಒಲೆಯೇ ಅದಕ್ಕೆ ಹಿತ. ಉಜ್ವಲಾ ಕುಟುಂಬವು ಅನಿಲವನ್ನೇ ಮುಂದುವರಿಸಲಿ. ಸಹಾಯಧನವಿಲ್ಲದ ಕುಟುಂಬವು, ಸಮೀಪದಲ್ಲಿ ಪೆಲೆಟ್ ಘಟಕವಿದ್ದು ಕನಿಷ್ಠ ಒಂದು ವರ್ಷದ ದರವನ್ನು ಲಿಖಿತವಾಗಿ ನೀಡಿದರೆ ಮಾತ್ರ, ಪ್ರಮಾಣೀಕೃತ ಒಲೆಯನ್ನು ಕೊಳ್ಳಬಹುದು. ಇಂಥವರೂ ಅನಿಲ ಸಂಪರ್ಕವನ್ನು ಕೈಬಿಡಬಾರದು.

ನಿಜವಾದ ಅವಕಾಶವಿರುವುದು ವಾಣಿಜ್ಯ ಬಳಕೆಯಲ್ಲಿ. 19 ಕಿ.ಗ್ರಾಂ. ಸಿಲಿಂಡರಿನ ಬೆಲೆಯನ್ನು 94ರಿಂದ ಭಾಗಿಸಿದರೆ ಪೆಲೆಟ್‌ನ ಮಿತಿದರ ದೊರೆಯುತ್ತದೆ. ಸಿಲಿಂಡರಿಗೆ 1,700 ರೂಪಾಯಿಯಿದ್ದರೆ ಈ ಮಿತಿ 18 ರೂಪಾಯಿ. ಸ್ವಸಹಾಯ ಸಂಘಗಳ ಕ್ಯಾಂಟೀನು, ಖೋವಾ ತಯಾರಿಕೆ ಮುಂತಾದ, ದಿನವಿಡೀ ಉರಿ ಬೇಡುವ ಕೆಲಸಗಳಲ್ಲಿ ಒಲೆಯ ಬೆಲೆ ಕೆಲವೇ ತಿಂಗಳಲ್ಲಿ ಹಿಂದಿರುಗಬಹುದು. ಅಲ್ಲಿ ಒಂದು ದಿನ ಒಲೆ ಕೆಟ್ಟರೂ ನಷ್ಟವಾದ್ದರಿಂದ, ದುರಸ್ತಿ ಸೇವೆಯಿರುವ ಒಲೆಗೆ ಹೆಚ್ಚು ಹಣ ಕೊಡುವುದು ಸಮರ್ಥನೀಯ.

ವಿಸ್ತರಣಾ ಕಾರ್ಯಕರ್ತರು ಒಲೆಯ ಪ್ರಾತ್ಯಕ್ಷಿಕೆ ಏರ್ಪಡಿಸುವ ಮೊದಲು ಸ್ಥಳೀಯ ಪೆಲೆಟ್ ಪೂರೈಕೆದಾರರನ್ನು ಗುರುತಿಸಿ, ದರ ಮತ್ತು ಪ್ರಮಾಣವನ್ನು ಖಚಿತಪಡಿಸಿಕೊಳ್ಳಬೇಕು. ಪೂರೈಕೆಯಿಲ್ಲದ ಊರಿನಲ್ಲಿ ಪ್ರಾತ್ಯಕ್ಷಿಕೆ ಮಾಡಬಾರದು. ರೈತ ಉತ್ಪಾದಕ ಸಂಸ್ಥೆಯು ತನ್ನ ಸದಸ್ಯರ ಹತ್ತಿ, ತೊಗರಿ ಕಟ್ಟಿಗೆಯಿಂದ ಪೆಲೆಟ್ ತಯಾರಿಸಲು ಮುಂದಾದಲ್ಲಿ, ಉತ್ಪಾದನೆಯ ಒಂದು ಪಾಲನ್ನು ನಿಗದಿತ ದರದಲ್ಲಿ ಸದಸ್ಯರ ಮನೆಗಳಿಗೆ ಮೀಸಲಿಡುವ ನಿಯಮವನ್ನು ಆರಂಭದಲ್ಲಿಯೇ ಬರೆದಿಡುವುದು ಸೂಕ್ತ. ಊರ್ಜಾ ಕೊಂಡ ಮನೆಗಳಿಗೆ ಅಂತಹ ಭರವಸೆ ಇರಲಿಲ್ಲ. ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.