ಎಲ್ಲದಕ್ಕೂ ಅರಳು ಮರಳೇ?

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಇಳಿಯುವ ಹೊತ್ತು. ಎಂಬತ್ತು ದಾಟಿದ ಅಜ್ಜ ದಲಾಲಿ ಅಂಗಡಿ ಮೆಟ್ಟಿಲಿಗೆ ಬಂದು, ಎಂದೋ ತೀರಿಹೋದ ಸಾವುಕಾರರನ್ನು ಕೇಳುತ್ತಾನೆ. ಅಂಗಡಿಯವರು ಚಹಾ ಕೊಟ್ಟು ಕೂಡಿಸಿ, ಮನೆಗೆ ಹುಡುಗನನ್ನು ಓಡಿಸುತ್ತಾರೆ. ಬಂದ ಮಗನದು ಒಂದೇ ಮಾತು: "ವಯಸ್ಸಾತಲ್ರೀ, ಅರಳು ಮರಳು. ಏನ್ ಮಾಡೂದು?"

ಹಾವೇರಿ, ರಾಣೆಬೆನ್ನೂರುಗಳಲ್ಲೂ ಇದೇ ಕತೆ. ಅರಳು ಮರಳು ಎಂಬ ಒಂದೇ ಚೀಲದಲ್ಲಿ ಹತ್ತು ತರದ ಬೇನೆ ತುಂಬಿಡಲಾಗಿದೆ. ಹೆಂಡತಿ ಸತ್ತ ಮೇಲೆ ಊಟ, ಮಾತು ಬಿಟ್ಟು ಕೂತವನದು ಖಿನ್ನತೆ ಇರಬಹುದು, ಅದಕ್ಕೆ ಔಷಧವಿದೆ. ನಿನ್ನೆ ಸರಿ ಇದ್ದವರು ಇಂದು ಏಕಾಏಕಿ ಬಡಬಡಿಸಿದರೆ ಮೂತ್ರದ ಸೋಂಕೋ, ಮೈಯ ನೀರು ಬತ್ತಿದ್ದೋ, ನುಂಗಿದ ಗುಳಿಗೆಯೋ ಕಾರಣವಿದ್ದೀತು; ಅಂಥವರಿಗೆ ಅಂದೇ ದವಾಖಾನೆ ಬೇಕು. ಥೈರಾಯಿಡ್ ತೊಂದರೆ, ಬಿ-12 ಕೊರತೆಯಿಂದಲೂ ಮರೆವು ಬರುತ್ತದೆ. ಡಿಮೆನ್ಶಿಯಾ ಗುಣವಾಗದು, ನಿಜ. ಆದರೆ ರಾತ್ರಿಯ ಅಲೆದಾಟ, ಸಂಶಯ, ಸಿಟ್ಟು ತಗ್ಗಿಸಲು ವೈದ್ಯರು ದಾರಿ ಹೇಳಬಲ್ಲರು.

ತೋರಿಸುವುದೆಲ್ಲಿ? ಹಾವೇರಿ 1997ರ ತನಕ ಧಾರವಾಡ ಜಿಲ್ಲೆಯಲ್ಲೇ ಇತ್ತು. 1845ರಲ್ಲಿ ಶುರುವಾದ ಧಾರವಾಡದ ಮಾನಸಿಕ ಆಸ್ಪತ್ರೆ, ಅಂದರೆ ಇಂದಿನ ಡಿಮ್ಹಾನ್ಸ್, ಬಹಳ ಮಂದಿಗೆ ಗೊತ್ತಿರುವ ಒಂದೇ ಬಾಗಿಲು. ಆ ಹೆಸರು ಹೇಳಿದರೆ ನೆಂಟರು ಏನಂದಾರು ಎಂಬ ಅಂಜಿಕೆ ಬೇರೆ. ರಾಣೆಬೆನ್ನೂರಿನಿಂದ ದಾರಿ ನೂರು ಕಿ.ಮೀ. ದಾಟುತ್ತದೆ. ಎಂಬತ್ತೈದರ ಅಜ್ಜಿಯನ್ನು ಬಸ್ಸು ಹತ್ತಿಸಿ, ಹುಬ್ಬಳ್ಳಿಯಲ್ಲಿ ಇಳಿಸಿ, ಮತ್ತೆ ಹತ್ತಿಸಬೇಕು. 2023ರ ಶಕ್ತಿ ಯೋಜನೆಯಿಂದ ಅಜ್ಜಿಗೆ ಟಿಕೀಟಿನ ದುಡ್ಡು ಉಳಿಯಿತು. ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಕೊಡುವವರಾರು? ಕಡೆಗೆ ಅಜ್ಜಿ ಮನೆಯಲ್ಲೇ ಉಳಿಯುತ್ತಾಳೆ. ಮಗ ಹಳೇ ಚೀಟಿ ಹಿಡಿದು ಅದೇ ಗುಳಿಗೆ ತರುತ್ತಾನೆ.

ಸರಕಾರದ 2014ರ ಮನೋಚೈತನ್ಯ ಯೋಜನೆ ಪ್ರಕಾರ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬರಬೇಕು. ಇದು ಎಷ್ಟು ಮಂದಿಗೆ ಗೊತ್ತು? ಬಸ್ ಸ್ಟ್ಯಾಂಡಿನಲ್ಲಿ ಇದಕ್ಕೊಂದು ಬೋರ್ಡಿಗೆ ಜಾಗವಿಲ್ಲವೇ? ಎಂಬತ್ತು ದಾಟಿದವರನ್ನು ಪಾಳಿ ಇಲ್ಲದೆ ಮೊದಲು ನೋಡಲಿ. ಹಾಸಿಗೆ ಬಿಟ್ಟು ಏಳದವರು ಯಾವ ಮನೆಯಲ್ಲಿದ್ದಾರೆಂದು ಆಶಾ ಕಾರ್ಯಕರ್ತೆಯರು ಬಲ್ಲರು; ತಿಂಗಳಿಗೊಮ್ಮೆಯಾದರೂ ವೈದ್ಯರು ಅವರೊಡನೆ ಆ ಮನೆಗೆ ಹೋಗಲಿ. ಅಲ್ಲಿಯವರೆಗೆ 14416ಕ್ಕೆ ಫೋನು ಮಾಡಬಹುದು. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು. ಹಗಲು ರಾತ್ರಿ ಕನ್ನಡದಲ್ಲೇ ಕೇಳಬಹುದು, ದುಡ್ಡಿಲ್ಲ.

ಅಜ್ಜನಿಗೆ ಚಹಾ ಕೊಡುವ ಅಂಗಡಿಕಾರರು ಮಗನಿಗೆ ಒಂದು ಮಾತು ಹೇಳಲಿ: "ಮಂಗಳವಾರ ಒಮ್ಮೆ ತೋರಸ್ರಿ." ಆ ಮಂಗಳವಾರ ಕುರ್ಚಿ ಖಾಲಿ ಇರದಂತೆ ನೋಡಿಕೊಳ್ಳುವ ಹೊಣೆ ಆರೋಗ್ಯ ಇಲಾಖೆಯದು.