ಒಂದು ಕಲ್ಲು ಮತ್ತು ನನ್ನ ಅವಸರದ ಉತ್ತರ

ನನ್ನ ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ,

ಮಂಠಾಳದಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದ ಕಾಲ. ಎಂಟನೆಯ ತರಗತಿಯ ಹುಡುಗನೊಬ್ಬ, ತಂದೆಯ ಹೊಲದಲ್ಲಿ ನೇಗಿಲಿಗೆ ತಗುಲಿದ ಕಪ್ಪು ಗಟ್ಟಿಯೊಂದನ್ನು ಚೀಲದಲ್ಲಿ ಹೊತ್ತು ತಂದಿದ್ದ. ಗಾತ್ರ ತೆಂಗಿನಕಾಯಿಯಷ್ಟು; ಭಾರ ಮಾತ್ರ ಎತ್ತಿದವರು ಬೆಚ್ಚುವಷ್ಟು. "ಗುರುಗಳೇ, ಇದು ಮುಗಿಲಿನಿಂದ ಬಿದ್ದದ್ದೇನ್ರೀ?" ಎಂದು ಕೇಳಿದ. ಹಾಜರಿ ಪುಸ್ತಕದಿಂದ ತಲೆಯೆತ್ತದೆಯೇ ನಾನು, "ನಮ್ಮ ಕಡೆಯ ಜಂಬಿಟ್ಟಿಗೆಯಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಹೊರಗೆ ಹಾಕು" ಎಂದೆ. ಅವನು ಹಾಕಿದ. ಆಮೇಲೆ ಅದು ಎಲ್ಲಿ ಹೋಯಿತೋ ತಿಳಿಯದು.

ನನ್ನ ಉತ್ತರ ಬಹುಶಃ ಸರಿಯೇ ಇದ್ದೀತು. ಬೀದರ ಸೀಮೆಯ ಕೆಂಪು ನೆಲದಲ್ಲಿ ಕಬ್ಬಿಣದ ಅಂಶವುಳ್ಳ ಕಲ್ಲುಗಳು ಹೇರಳ. ಕುಲುಮೆಯ ಕಿಟ್ಟವೂ ಇದ್ದಿರಬಹುದು. ಆದರೆ ನೋಡದೆ ಕೊಟ್ಟ ಉತ್ತರ ಸರಿಯಾಗಿದ್ದರೂ ಅದು ವಿಜ್ಞಾನವಲ್ಲ.

ಅಮೆರಿಕದ ಮಿಷಿಗನ್ ರಾಜ್ಯದ ಎಡ್ಮೋರ್ ಬಳಿಯ ತೋಟದ ಮನೆಯೊಂದರಲ್ಲಿ ಸುಮಾರು 10 ಕಿಲೋ ತೂಕದ ಕಲ್ಲೊಂದು ದಶಕಗಳ ಕಾಲ ಬಾಗಿಲಿಗೆ ಒತ್ತಾಗಿ ಬಿದ್ದಿತ್ತು. 2018ರಲ್ಲಿ ಭೂವಿಜ್ಞಾನಿ ಮೋನಾ ಸಿರ್ಬೆಸ್ಕು ಅದನ್ನು ಪರೀಕ್ಷಿಸಿ, ಕಬ್ಬಿಣದ ಉಲ್ಕಾಶಿಲೆಯೆಂದು ಗುರುತಿಸಿದರು. ನಮೀಬಿಯಾದ ಸುಮಾರು 60 ಟನ್ನಿನ ಹೋಬಾ ಉಲ್ಕಾಶಿಲೆ 1920ರಲ್ಲಿ ಸಿಕ್ಕಿದ್ದೂ ಹೊಲ ಉಳುವ ರೈತನಿಗೆ. ಅಷ್ಟು ದೂರವೇಕೆ, ನಮ್ಮ ನೆರೆಯ ತಮಿಳುನಾಡಿನ ಕೊಡೈಕನಾಲಿನಲ್ಲಿಯೂ 1898ರಲ್ಲಿ ಇಂಥದೊಂದು ದೊರೆತಿದೆ.

ಗುರುತಿಸುವ ಮೊದಲ ಹೆಜ್ಜೆಗಳು ಹಳ್ಳಿಯ ಶಾಲೆಗೂ ನಿಲುಕುವಂಥವು. ಅಯಸ್ಕಾಂತ ಅಂಟಿತೆಂಬುದೊಂದೇ ಸಾಲದು. ಕೆಲವು ಅದಿರುಗಳಿಗೂ ಕಿಟ್ಟಕ್ಕೂ ಅದು ಅಂಟುತ್ತದೆ. ಹೊಳಪಿಲ್ಲದ ಬಿಳಿ ಬಿಲ್ಲೆಯ ಮೇಲೆ ಉಜ್ಜಿದರೆ ಅದಿರು ಕೆಂಪು ಅಥವಾ ಕಪ್ಪು ಗೆರೆ ಬಿಡುತ್ತದೆ. ಒಡಲ ತುಂಬ ಗುಳ್ಳೆಗಳ ತೂತುಗಳಿದ್ದರೆ ಕಿಟ್ಟವೆಂದು ಶಂಕಿಸಬೇಕು. ಮೂಲೆಯನ್ನು ತುಸು ಅರದಿಂದ ಉಜ್ಜಿದಾಗ ಬೆಳ್ಳಿಯಂತೆ ಹೊಳೆಯುವ ಲೋಹ ಕಂಡರೆ ಮುಂದಿನ ಕೆಲಸ ಪ್ರಯೋಗಾಲಯದ್ದು. ಅಲ್ಲಿ ಮುಖ್ಯವಾಗಿ ನಿಕ್ಕಲ್ ಲೋಹದ ಪ್ರಮಾಣವನ್ನು ನೋಡುತ್ತಾರೆ. ಕಬ್ಬಿಣದ ಉಲ್ಕಾಶಿಲೆಗಳಲ್ಲಿ ಅದು ಸಾಮಾನ್ಯವಾಗಿ ಶೇಕಡಾ 5ಕ್ಕೂ ಹೆಚ್ಚು. ನಯಗೊಳಿಸಿ ಆಮ್ಲ ಸವರಿದರೆ ಬಹುಪಾಲು ಶಿಲೆಗಳಲ್ಲಿ ಪಟ್ಟಿಗಳ ಹೆಣಿಗೆಯೊಂದು ಮೂಡುತ್ತದೆ. ಲಕ್ಷಾಂತರ ವರ್ಷ ನಿಧಾನವಾಗಿ ತಣಿದ ಲೋಹಕ್ಕಷ್ಟೇ ಆ ಚಿತ್ತಾರ. ಯಾವ ಕಮ್ಮಾರನ ಕುಲುಮೆಯೂ ಅದನ್ನು ಮಾಡಲಾರದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಇಂಥ ಕಲ್ಲು ಸಿಗುವುದು ಆಕಸ್ಮಿಕ. ಅದು ಉಳಿಯುವುದೋ ಗುಜರಿಗೆ ಹೋಗುವುದೋ ಎಂಬುದು ಮೊದಲು ನೋಡಿದವರ ತಾಳ್ಮೆಗೆ ಬಿಟ್ಟದ್ದು. ಹಳ್ಳಿಯಲ್ಲಿ ಆ ಮೊದಲು ನೋಡುವವನು ಹೆಚ್ಚಾಗಿ ಶಾಲೆಯ ಮಾಸ್ತರನೇ. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ಮಗು ಕಲ್ಲು ತಂದರೆ "ಕೊಡು, ನೋಡೋಣ" ಎನ್ನಿ. ಒಡೆಯಬೇಡಿ, ಸಿಕ್ಕ ಜಾಗವನ್ನೂ ದಿನವನ್ನೂ ಬರೆದಿಟ್ಟು, ಸಂಶಯ ಉಳಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಿ. ನೂರರಲ್ಲಿ ತೊಂಬತ್ತೊಂಬತ್ತು ಬರಿಯ ಕಲ್ಲೇ ಆದರೂ, ಪರೀಕ್ಷಿಸಿ ತಿಳಿಯುವ ಪಾಠ ನೂರು ಮಕ್ಕಳಿಗೂ ದಕ್ಕುತ್ತದೆ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಇದನ್ನು ಓದುತ್ತಿದ್ದರೆ ಅವನಿಗೊಂದು ಮಾತು: ನಿನ್ನ ಪ್ರಶ್ನೆ ಸರಿಯಾಗಿತ್ತಪ್ಪಾ, ತಲೆಯೆತ್ತಿ ನೋಡದಿದ್ದುದು ನನ್ನ ತಪ್ಪು.